ಎಡಗಡೆಯ ಮೂರು ಬಿರಡೆಗಳು

ಹಳೇ ಕಾರಿನ ತುಕ್ಕು ತೆಗೆಯುವ ಕೆಲಸಕ್ಕೆ ನಮ್ಮ ಕಡೆ ಟಿಂಕರಿಂಗ್ ಅಂತಲೇ ಹೆಸರು. ಡೊಂಕಾದ ತಗಡನ್ನು ಬಡಿದು ನೆಟ್ಟಗೆ ಮಾಡುವವನೂ ಟಿಂಕರನೇ, ತೂತು ಬಿದ್ದ ತಗಡಿಗೆ ತೇಪೆ ಹಾಕುವವನೂ ಟಿಂಕರನೇ. ಹೊನ್ನಾಳಿಯಲ್ಲಿ ಕಲಿತು, ಚನ್ನಗಿರಿಯಲ್ಲಿ ಶೆಡ್ ಹಾಕಿ, ಕಣ್ಣು ಮಂಜಾಗುವ ತನಕ ನಾನು ಮಾಡಿದ್ದು ಇದನ್ನೇ. ಶೆಡ್ಡು ಈಗ ಬೇರೆಯವರದು. ಆದರೂ ಈ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ಮನೆಗೆ ಬಂದು, "ಹಾಲೇಶಣ್ಣ, ಅಷ್ಟು ಕಮ್ಮಿ ಖರ್ಚಿನಾಗೆ ಹೆಂಗೆ ಮಾಡ್ತಿದ್ರಿ?" ಅಂತ ಕೇಳುತ್ತಾರೆ.

ಕಮ್ಮಿ ಖರ್ಚಿನ ಉಪಾಯ ಹೇಳುವುದು ಸುಲಭ. ಆ ಉಪಾಯ ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಅದಕ್ಕೇ ಚೆನ್ನಾಗಿ ಆದ ಕೆಲಸಗಳನ್ನೆಲ್ಲ ಆಚೆ ಇಟ್ಟು, ನಾನು ಕೈಯಾರೆ ಕೆಡಿಸಿದ ಒಂದು ಕಾರಿನ ವಿಷಯ ಬರೆಯುತ್ತಿದ್ದೇನೆ. ಆ ಕಾರು ನಿಂತರೆ ನ್ಯಾಮತಿಯ ಒಬ್ಬ ಹೆಣ್ಣುಮಗಳಿಗೆ ಆಸ್ಪತ್ರೆಯ ದಾರಿಯೇ ನಿಲ್ಲುವ ಹಾಗಿತ್ತು.

ಅದಕ್ಕೂ ಮೊದಲು ಕೆಲಸ ಏನು ಅಂತ ಒಂದಿಷ್ಟು ಹೇಳಬೇಕು.

ನನ್ನ ಉಸ್ತಾದರು ಹೊನ್ನಾಳಿಯ ಬುಡೇನ್ ಸಾಬರು. ಹೊಳೆಗೆ ಹೋಗುವ ದಾರಿಯಲ್ಲಿ ಅವರ ಶೆಡ್. ಸೇರಿದ ಮೊದಲ ತಿಂಗಳು ನನಗೆ ಸುತ್ತಿಗೆ ಮುಟ್ಟಗೊಡಲಿಲ್ಲ. ಒಂದು ಸ್ಕ್ರೂಡ್ರೈವರ್ ಕೊಟ್ಟು, ಅದರ ಹಿಡಿಯಿಂದ ಗಾಡಿಯ ಮೈಯೆಲ್ಲ ತಟ್ಟುತ್ತಾ ಹೋಗು ಅಂದರು. ಗಟ್ಟಿ ತಗಡು ಟಣ್ ಅನ್ನುತ್ತದೆ. ಪುಟ್ಟಿ ಮೆತ್ತಿ ಮುಚ್ಚಿದ ಜಾಗ ದಬ್ ಅನ್ನುತ್ತದೆ. ಒಳಗೇ ತುಕ್ಕು ತಿಂದದ್ದು ಒಣಗಿದ ಸೋರೆಬುರುಡೆಯ ಹಾಗೆ ಗಲಗಲ ಅನ್ನುತ್ತದೆ. ಪುಟ್ಟಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಪುಟ್ಟಿ ಅಂದ್ರೆ ಪೌಡ್ರು ಕಣೋ ಹಾಲೇಶ. ಮದುಮಗಳಿಗೆ ಪೌಡ್ರು ಬಳೀಬೋದು, ಅದ್ರಿಂದ ಜ್ವರ ಇಳಿಯಾಕಿಲ್ಲ" ಅನ್ನುತ್ತಿದ್ದರು.

ಅವರದು ಇನ್ನೊಂದು ಪರೀಕ್ಷೆ ಇತ್ತು. ಓನರು ಬಾಯಿ ಬಿಡುವ ಮೊದಲು ಗಾಡಿ ಯಾವ ಕಡೆಯದು ಅಂತ ಹೇಳಬೇಕು. ಜಗಳೂರಿನ ಗಾಡಿಗೆ ಟಾಪಿನ ಬಣ್ಣ ಬಿಸಿಲಿಗೆ ಸುಣ್ಣದ ಹಾಗೆ ಉದುರುತ್ತಿರುತ್ತದೆ, ಆದರೆ ಕೆಳಗೆ ಬಗ್ಗಿ ನೋಡಿದರೆ ತಗಡು ಕಂಚಿನಷ್ಟು ಗಟ್ಟಿ. ಹೊನ್ನಾಳಿಯ ಗಾಡಿಯ ಸಂದುಗೊಂದಿನಲ್ಲಿ ಹೊಳೆಮರಳು ಕೂತು, ತೇವ ಹಿಡಿದಿಟ್ಟು, ಅಂಚಿನಿಂದ ತಿನ್ನುತ್ತಾ ಬಂದಿರುತ್ತದೆ. ಚನ್ನಗಿರಿ, ಬಸವಾಪಟ್ಟಣದ ಕಡೆಯ ಗಾಡಿಗೆ ಡಿಕ್ಕಿಯೇ ಮೊದಲು ಹೋಗುವುದು. ಹಸಿ ಅಡಿಕೆ ಚೀಲ ಹೇರಿ ಹೇರಿ ಅಲ್ಲಿ ಕೆಂಪು ಕಲೆ ಕಟ್ಟಿರುತ್ತದೆ. ನಾನು ಒಮ್ಮೆ ಒಂದು ಗಾಡಿ ತಟ್ಟಿ ನೋಡಿ ಜಗಳೂರು ಅಂದೆ. ಓನರು ನಕ್ಕು, "ನಾನು ಹುಟ್ಟಿ ಬೆಳೆದಿದ್ದೆಲ್ಲಾ ನ್ಯಾಮತಿನಾಗೆ ಕಣಪ್ಪ" ಅಂದ. ನನ್ನ ಮುಖ ಬಾಡಿತು. ಉಸ್ತಾದರು ಅವನನ್ನು ಕೇಳಿದರು: "ಗಾಡಿ ಯಾರತ್ರ ತಗೊಂಡ್ರಿ?" ಜಗಳೂರಿನವರ ಹತ್ತಿರವೇ. "ನಾವು ಗಾಡಿ ಜಾತಕ ಹೇಳೋದು ಸ್ವಾಮಿ, ನಿಮ್ಮದಲ್ಲ" ಅಂದು ಅವರು ಬೀಡಿ ಹಚ್ಚಿದರು.

ಚನ್ನಗಿರಿಗೆ ಬಂದ ಮೇಲೆ ನಾನು ಕಲಿತದ್ದು ಚೊಗರಿನ ಕೆಲಸ. ಅಡಿಕೆ ಬೇಯಿಸಿದ ನೀರು ಬತ್ತಿ ಬತ್ತಿ ಗಟ್ಟಿಯಾಗುತ್ತದಲ್ಲ, ಆ ಕೆಂಪು ರಸವೇ ಚೊಗರು. ಕೆರೆಬಿಳಚಿಯಲ್ಲಿ ಅಡಿಕೆ ಬೇಯಿಸುವ ಒಬ್ಬ ಯಜಮಾನರ ಹಂಡೆಯ ಕಬ್ಬಿಣದ ಪಟ್ಟಿ ನೋಡಿದೆ. ಸುಗ್ಗಿಯೆಲ್ಲಾ ಆ ನೀರಲ್ಲಿ ನೆನೆದು ಒಣಗುವ ಕಬ್ಬಿಣ, ಕೆಂಪು ತುಕ್ಕೇ ಇಲ್ಲ, ಕಾಗೆಯಂಥ ಕಪ್ಪು. "ಚೊಗರು ಹತ್ತಿ ಒಣಗಿದ ಕಬ್ಬಿಣಕ್ಕೆ ತುಕ್ಕು ಹತ್ತಲ್ಲ ಕಣಪ್ಪ, ನಮ್ಮಜ್ಜನ ಕಾಲದಿಂದ ಹಂಗೇ ಐತೆ" ಅಂದರು. ಹಾಗಾದರೆ ಅದೇ ಅಡಿಕೆಯ ನೀರು ಕಾರಿನ ಡಿಕ್ಕಿಯನ್ನು ಯಾಕೆ ತಿನ್ನುತ್ತದೆ ಅಂತ ತಲೆ ಕೆರೆದುಕೊಂಡು, ಹಳೇ ತಗಡಿನ ಚೂರುಗಳ ಮೇಲೆ ಬಳಿದು ನೋಡುತ್ತಾ ಹೋದೆ. ಒಂದು ಬೇಸಿಗೆಯಲ್ಲಿ ತಿಳಿಯಿತು. ಒಣಗಿದ ಚೊಗರು ಕಾಯುತ್ತದೆ, ನಿಂತ ಚೊಗರು ತಿನ್ನುತ್ತದೆ.

ವಿಧಾನ ಇಷ್ಟೇ. ತುಕ್ಕಿನ ಹಕ್ಕಳೆ ಉದುರುವುದು ನಿಲ್ಲುವ ತನಕ ವೈರ್ ಬ್ರಷ್ ಹಾಕಿ ಉಜ್ಜಬೇಕು. ತೊಳೆದು, ತೆಳ್ಳಗೆ ಎರಡು ಸಲ ಚೊಗರು ಬಳಿಯಬೇಕು. ಒಂದು ಹಗಲು ಒಣಗಿದರೆ ಕೆಂಪು ತುಕ್ಕು ಕಪ್ಪಗೆ ತಿರುಗಿ ಕಚ್ಚಿಕೊಳ್ಳುತ್ತದೆ. ಮೇಲೆ ರೆಡ್ ಆಕ್ಸೈಡ್, ಆಮೇಲೆ ಬಣ್ಣ. ಈಗ ಇದೇ ಕೆಲಸ ಮಾಡುವ ಔಷಧಿ ಬಾಟಲಿಯಲ್ಲಿ ಸಿಗುತ್ತದೆ, ಅದನ್ನೇ ತಗೊಳ್ಳಿ, ತಪ್ಪಿಲ್ಲ. ಆಗ ನಮಗೆ ಚೊಗರು ಪುಕ್ಕಟೆ ಸಿಗುತ್ತಿತ್ತು.

ಇದರ ಮೇಲೆ ನಾನೇ ಒಂದು ಜಾಣತನ ಸೇರಿಸಿದೆ. ಕಾರಿನ ಬಾಗಿಲ ಕೆಳಗೆ, ಈ ಚಕ್ರದಿಂದ ಆ ಚಕ್ರದ ತನಕ, ತಗಡಿನ ಉದ್ದನೆಯ ಪೆಟ್ಟಿಗೆಯಂಥ ಭಾಗ ಇರುತ್ತದೆ. ನಾವು ರನ್ನಿಂಗ್ ಬೋರ್ಡ್ ಅನ್ನುತ್ತೇವೆ. ಗಾಡಿಯ ನಡು ನಿಂತಿರುವುದೇ ಅದರ ಮೇಲೆ. ಒಳಗೆ ಟೊಳ್ಳು, ಬ್ರಷ್ ಹೋಗುವುದಿಲ್ಲ. ಒಳಗೆ ಬಿದ್ದ ಮಳೆನೀರು ಹೊರಗೆ ಹೋಗಲಿ ಅಂತ ಅದರ ತಳದಲ್ಲಿ ಬೆರಳು ತೂರುವಷ್ಟು ತೂತುಗಳನ್ನು ಬಿಟ್ಟಿರುತ್ತಾರೆ. ಅಂಬಾಸಿಡರಿನಲ್ಲಿ ನಾನು ಆ ತೂತುಗಳಿಗೆ ಆ ಕಡೆ ಮೂರು, ಈ ಕಡೆ ಮೂರು ಬಿರಡೆ ಹಾಕುತ್ತಿದ್ದೆ. ಬಟ್ಟೆಯನ್ನು ಮೇಣದಲ್ಲಿ ಅದ್ದಿ ಸುತ್ತಿದ ಬಿರಡೆ. ಆಮೇಲೆ ಮೇಲಿನಿಂದ ಚೊಗರು ಸುರಿದು ಒಂದು ದಿನ ಬಿಡುವುದು, ಬಿರಡೆ ಕಿತ್ತು ಬಸಿಯುವುದು, ಬಿಸಿಲಿಗೆ ಎರಡು ದಿನ ಒಣಗಿಸುವುದು, ಕೊನೆಗೆ ಕೆಳಗಿನಿಂದ ಡಾಂಬರು ಹೊಡೆಯುವುದು. ಉಸ್ತಾದರಿಗೆ ಹೇಳಿದಾಗ ಅವರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಕಣ್ಣಿಗೆ ಕಾಣದ ಜಾಗ. ಎಣಿಸಿ ಹಾಕು, ಎಣಿಸಿ ತೆಗಿ" ಅಂದರು.

ನಾನು ಎಣಿಸಲಿಲ್ಲ.

ತಿಪ್ಪೇಶಪ್ಪ ನ್ಯಾಮತಿಯಲ್ಲಿ ಟೈಲರ್. ಹೊನ್ನಾಳಿಯ ದಿನಗಳಿಂದ ಗುರುತು. ನನ್ನ ಮದುವೆಯ ಅಂಗಿ ಹೊಲಿದವನು ಅವನೇ, ಒಂದು ತೋಳು ಗಿಡ್ಡವಾಗಿತ್ತು. ಅವನ ಹೆಂಡತಿ ಗಿರಿಜಕ್ಕನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ಶಿವಮೊಗ್ಗಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಹೋಗುವಾಗ ಹೇಗೋ ಕೂತಿರುತ್ತಿದ್ದರು, ಬರುವಾಗ ತಲೆ ಎತ್ತಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಎರಡು ಸಲ ಪ್ರಜ್ಞೆ ತಪ್ಪಿದ ಮೇಲೆ ತಿಪ್ಪೇಶಪ್ಪ ಯಾರೋ ಮೂಲೆಗೆ ತಳ್ಳಿದ್ದ ಬಿಳಿ ಅಂಬಾಸಿಡರ್ ತಗೊಂಡ. ಅದರ ಹಿಂದಿನ ಸೀಟು ಉದ್ದ, ಗಿರಿಜಕ್ಕ ಕಾಲು ಮಡಚಿ ಮಲಗಬಹುದು. ಗಾಡಿಯನ್ನು ನನ್ನ ಶೆಡ್ಡಿಗೆ ತಂದು ನಿಲ್ಲಿಸಿ, "ನೋಡು ಹಾಲೇಶಣ್ಣ, ಸೂಟು ಹೊಲಿ ಅನ್ನಂಗಿಲ್ಲ. ತೇಪೆ ಹಾಕು, ಆದ್ರೆ ಬಿಚ್ಚಿಕೊಳ್ಳಬಾರ್ದು" ಅಂದ.

ತೇಪೆ ಹಾಕಿದೆ. ನೆಲದ ತಗಡಿಗೆ ಹಳೇ ಎಣ್ಣೆ ಡಬ್ಬದ ತಗಡು, ಬಾಗಿಲ ಅಂಚಿಗೆ ಒಂದಿಷ್ಟು ಬೆಸುಗೆ, ರನ್ನಿಂಗ್ ಬೋರ್ಡಿಗೆ ನನ್ನ ಚೊಗರು. ಚೊಗರು ಸುರಿದ ಮೇಲೆ ಗಾಡಿಯ ಎಡಗಡೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದೆ. ಬಲಗಡೆ ನುಸುಳಿ ಮೂರು ಬಿರಡೆ ಕಿತ್ತೆ, ಚೊಗರು ಬಸಿಯಿತು. ಎಡಗಡೆಗೆ ಗಾಡಿಯನ್ನು ತಳ್ಳಿ ಜಾಗ ಮಾಡಿಕೊಳ್ಳಬೇಕು ಅನ್ನುವಷ್ಟರಲ್ಲಿ ತಿಪ್ಪೇಶಪ್ಪನ ಫೋನು. "ನಾಳಿದ್ದು ಗುರುವಾರ ಕಣಣ್ಣ, ನೆನಪೈತೆ ತಾನೆ?" ನೆನಪಿತ್ತು. ಅದೊಂದೇ ನೆನಪಿತ್ತು. ಎರಡು ದಿನ ಒಣಗಿಸುವುದನ್ನೂ ಬಿಟ್ಟು, ಮಾರನೇ ದಿನವೇ ಗಾಡಿಯನ್ನು ಹೊರಗೆ ತಳ್ಳಿ ಎರಡೂ ಕಡೆ ಡಾಂಬರು ಹೊಡೆದು ಕಳಿಸಿಬಿಟ್ಟೆ. ಎಡಗಡೆಯ ಮೂರು ಬಿರಡೆಗಳು ಡಾಂಬರಿನೊಳಗೇ ಉಳಿದವು. ಒಳಗಿನ ಚೊಗರೂ ಉಳಿಯಿತು. ಅದರ ಮೇಲೆ ಎರಡು ಮಳೆಗಾಲದ ನೀರು ಇಳಿಯಿತು.

ಎರಡನೇ ಮಳೆಗಾಲ ಮುಗಿದ ಮೇಲೆ ಒಂದು ಸೋಮವಾರ, ಶಿವಮೊಗ್ಗದಿಂದ ಬರುವಾಗ ದಾರಿಯಲ್ಲಿ ಪಂಕ್ಚರ್ ಆಯಿತಂತೆ. ತಿಪ್ಪೇಶಪ್ಪ ಎಡಗಡೆ ಜಾಕ್ ಕೊಟ್ಟು ತಿರುಗಿಸಿದ. ಗಾಡಿ ಮೇಲೇಳಲಿಲ್ಲ. ಜಾಕ್ ಒಂದೇ ಮೇಲೆ ಹೋಯಿತು, ತಗಡು ಹಪ್ಪಳದ ಹಾಗೆ ಮುರಿದು. ಒಳಗೆ ಗಿರಿಜಕ್ಕ ಮಲಗಿದ್ದರು. ಹಾದು ಹೋಗುತ್ತಿದ್ದ ಟ್ರ್ಯಾಕ್ಟರಿನವರು ನಿಲ್ಲಿಸಿ, ಗಾಡಿಯನ್ನು ಕೈಯಲ್ಲಿ ಎತ್ತಿ ಹಿಡಿದು, ಚಕ್ರ ಬದಲಿಸಿ ಕಳಿಸಿದರಂತೆ.

ಮಂಗಳವಾರ ಅವನು ಗಾಡಿಯನ್ನು ಆಮೆಯ ಹಾಗೆ ನಡೆಸಿಕೊಂಡು ಚನ್ನಗಿರಿಗೆ ಬಂದ. ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾ, "ಗಾಡಿಗೂ ವಯಸ್ಸಾತು ಬಿಡು. ಗುಜರಿಗೆ ಹಾಕ್ತೀನಿ" ಅಂದ. ನಾನು ಕೆಳಗೆ ನುಸುಳಿ ಡಾಂಬರು ಕೆರೆದೆ. ಮೊದಲ ಬಿರಡೆ ಇಡಿಯಾಗಿ ಕೈಗೆ ಬಂತು. ಎರಡನೆಯದು ಬರುತ್ತಲೇ ಕಪ್ಪು ನೀರು ಮುಖದ ಮೇಲೆ ಸುರಿಯಿತು. ಮೂರನೆಯದೂ ಬಂತು. ಬಲಗಡೆ ತಟ್ಟಿದೆ: ಟಣ್ ಅಂತು. ಗಾಡಿಗೆ ವಯಸ್ಸೇನೂ ಆಗಿರಲಿಲ್ಲ.

ಸುಳ್ಳು ಯಾಕೆ, ಮೂರನ್ನೂ ಜೇಬಿಗೆ ಹಾಕಿಕೊಂಡೇ ಹೊರಗೆ ಬಂದೆ. ತಿಪ್ಪೇಶಪ್ಪ ನನಗೂ ಒಂದು ಚಹಾ ಹೇಳಿದ್ದ. ಲೋಟ ಕೈಗೆ ಕೊಡುತ್ತಾ, "ನೀನು ಮಾಡಿಕೊಟ್ಟಿದ್ದಕ್ಕೆ ಎರಡು ವರ್ಷ ಆದ್ರೂ ಓಡ್ತು ಹಾಲೇಶಣ್ಣ. ಇಲ್ಲದಿದ್ರೆ ಅವಳ ಗತಿ ಏನು?" ಅಂದ. ಆ ಮಾತು ಆಡದೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಜೇಬಿನಿಂದ ಬಿರಡೆಗಳನ್ನು ತೆಗೆದು ಬೆಂಚಿನ ಮೇಲೆ ಇಟ್ಟು, ಆದದ್ದನ್ನು ಹೇಳಿದೆ.

ಅವನು ಒಂದನ್ನು ಎತ್ತಿಕೊಂಡು ಹೊಲಿಗೆ ನೋಡುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ.

"ಅಂಗಿಯೊಳಗೆ ಸೂಜಿ ಬಿಟ್ಟು ಹೊಲಿದಂಗಾತಲ್ಲೋ ಇದು."

ಅಣ್ಣ ಹೋಗಿ ಲೋ ಬಂದಿತ್ತು. ನಾನು ಹೂಂ ಅಂದೆ.

"ನಿನ್ನೆ ಅವಳು ಒಳಗಿದ್ಲು. ಜಾಕ್ ಇನ್ನೊಂದು ಗೇಣು ಮೇಲೆ ಹೋಗಿದ್ರೆ ಸೀಟಿಗೇ ಬರ್ತಿತ್ತು."

"ಹೂಂ."

"ಹೂಂ ಅನ್ನಬ್ಯಾಡ, ಸಿಟ್ಟು ಬರ್ತೈತೆ." ಬಿರಡೆಯನ್ನು ಬೆಂಚಿನ ಮೇಲೆ ವಾಪಸ್ ಇಟ್ಟ. ಆಮೇಲೆ, "ಸೋಮವಾರ ಬೆಳಿಗ್ಗೆ ಗಾಡಿ ನನ್ನ ಮನೆ ಮುಂದೆ ಇರಬೇಕು. ಈ ಗುರುವಾರ ಹೆಂಗೋ ಬಸ್ಸಿಗೆ ಕರ್ಕೊಂಡು ಹೋಗ್ತೀನಿ. ಇನ್ನೊಂದು ಮಾತು, ಅವಳಿಗೆ ಇದನ್ನ ಹೇಳಬ್ಯಾಡ. ಬರುವಾಗ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ನಿದ್ದೆ ಮಾಡ್ತಾಳೆ. ಗಾಡಿ ಮೇಲೆ ನಂಬ್ಕೆ ಐತೆ, ಅದಕ್ಕೆ. ಅದನ್ನೂ ಕಿತ್ಕೊಬ್ಯಾಡ" ಅಂದ.

ಹಳೇ ಅಂಬಾಸಿಡರಿನ ಆ ಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಹೊಸ ತಗಡು ಬಾಗಿಸಿ ಮಾಡಲು ವಾರ ಬೇಕು. ನನಗೆ ನೆನಪಾದದ್ದು ಜಗಳೂರಿನ ಹತ್ತಿರದ ಹಳ್ಳಿಯ ಒಂದು ಗಾಡಿ. ಹಿಂದೆ ಅದರ ಟಾಪಿಗೆ ನಾನೇ ಬಣ್ಣ ಹೊಡೆದಿದ್ದೆ. ಎಂಜಿನ್ ಸತ್ತು ಹಿತ್ತಲಲ್ಲಿ ನಿಂತಿದೆ ಅಂತ ಕೇಳಿದ್ದೆ. ಫೋನ್ ಮಾಡಿದರೆ ಓನರು, "ನಾನು ಊರಾಗಿಲ್ಲ, ನಮ್ಮವ್ವ ಐತೆ, ಕೊಯ್ಕೊಂಡು ಹೋಗು" ಅಂದ. ಬುಧವಾರ ಮೊದಲ ಬಸ್ಸಿಗೆ ಗ್ಯಾಸ್ ಕಟರ್, ಗರಗಸ ಸಮೇತ ಹೊರಟೆ.

ಗಾಡಿ ಇತ್ತು. ಬಿಸಿಲು ಅದರ ಬಣ್ಣವನ್ನೆಲ್ಲಾ ಕುಡಿದಿತ್ತು, ತಗಡು ಮಾತ್ರ ಹೊಸದರ ಹಾಗೆ. ಓನರನ ತಾಯಿ ಹನುಮವ್ವ ಬಂದು ಅಡ್ಡ ನಿಂತರು.

"ಮುಟ್ಟಬ್ಯಾಡ. ಒಳಗೆ ಕೋಳಿ ಕಾವಿಗೆ ಕೂತೈತೆ."

ಬಗ್ಗಿ ನೋಡಿದರೆ ಹಿಂದಿನ ಸೀಟಿನ ಎಡಗಡೆಯೇ ಒಂದು ಕೆಂಪು ಹೇಂಟೆ ರಾಣಿಯ ಹಾಗೆ ಕೂತಿತ್ತು.

"ಎಷ್ಟು ದಿನ ಆತವ್ವ ಕೂತು?"

"ಹನ್ನೊಂದು. ಇನ್ನು ಹತ್ತು ದಿನ ಬಿಟ್ಟು ಬಾ."

"ಅವ್ವಾ, ಸೋಮವಾರದೊಳಗೆ ಬೇಕು. ಬಲಗಡೇದು ಆಗಲ್ಲ, ಎಡಗಡೇದೇ ಬೇಕು."

"ಅದಕ್ಕೂ ಎಡಗಡೇನೇ ಬೇಕಾಗೈತೆ. ನೀನು ಬೆಂಕಿ ಹಚ್ಚಿ ಬುಸ್ ಅನ್ನಿಸಿದ್ರೆ ಅದು ಎದ್ದು ಹೋಗ್ತೈತೆ. ಹದಿನಾಲ್ಕು ಮೊಟ್ಟೆ. ನೀನು ಕೂರ್ತೀಯ ಕಾವಿಗೆ?"

ಗಿರಿಜಕ್ಕನ ವಿಷಯ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲಾ ಕೇಳಿ, "ಬೆಂಕಿ ಬ್ಯಾಡ. ಗರಗಸದಾಗೆ ಕೊಯ್ಯಿ, ನಿಧಾನಕ್ಕೆ. ಕೋಳಿ ಎದ್ದರೆ ನೀನೂ ಎದ್ದು ನಡಿ" ಅಂದರು.

ಕಬ್ಬಿಣ ಕೊಯ್ಯುವ ಕೈಗರಗಸದಿಂದ, ಒದ್ದೆ ಗೋಣಿಚೀಲ ಹೊದಿಸಿ, ಸದ್ದಾಗದ ಹಾಗೆ ಆ ಉದ್ದನೆಯ ತಗಡನ್ನು ಕೊಯ್ಯಲು ಬೆಳಿಗ್ಗೆ ಕೂತವನಿಗೆ ಹೊತ್ತು ಇಳಿಯಿತು. ಹನುಮವ್ವ ಎದುರಿಗೇ ಕೂತು ಕಾವಲು. ಕೋಳಿ ಕತ್ತು ಎತ್ತಿದಾಗಲೆಲ್ಲಾ "ನಿಲ್ಲಿಸು" ಅನ್ನುವರು, ಅದು ಕಣ್ಣು ಮುಚ್ಚಿದರೆ "ಹೂಂ, ಎಳಿ" ಅನ್ನುವರು. ನಡುವೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಗ್ಯಾಸಿನಲ್ಲಿ ಕೊಯ್ದಿದ್ದರೆ ಅಂಚು ಸುಟ್ಟು ವಕ್ರವಾಗುತ್ತಿತ್ತು; ಕೈಯಲ್ಲಿ ಕೊಯ್ದದ್ದಕ್ಕೆ ಅಂಚು ದಾರ ಹಿಡಿದ ಹಾಗೆ ಬಂತು. ಬಸ್ಸಿನ ಟಾಪಿನ ಮೇಲೆ ಕಟ್ಟಿ ತಂದೆ.

ಗುರುವಾರ ಸಂಜೆ ತಿಪ್ಪೇಶಪ್ಪ ಫೋನ್ ಮಾಡಿದ. ಬರುವಾಗ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಗಿರಿಜಕ್ಕ ಎದ್ದು ನಿಲ್ಲಲಾಗದೆ ಬೆಂಚಿನ ಮೇಲೆ ಮಲಗಿಬಿಟ್ಟರಂತೆ, ಎರಡು ಬಸ್ಸು ಹೋದವಂತೆ. "ಇನ್ನೊಂದು ಸಲ ಬಸ್ಸಿಗೆ ಅಂದ್ರೆ ನಾನು ಬರಲ್ಲ, ಆಸ್ಪತ್ರೆನೇ ಬ್ಯಾಡ ಅಂತಾಳೆ" ಅಂದ. ಗಾಡಿ ಆಯಿತಾ ಅಂತ ಮಾತ್ರ ಕೇಳಲಿಲ್ಲ.

ಶುಕ್ರವಾರ ಕೊಳೆತದ್ದನ್ನೆಲ್ಲಾ ಗಟ್ಟಿ ತಗಡು ಸಿಗುವ ತನಕ ಕತ್ತರಿಸಿದೆ. ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಬೆಸೆದೆ. ಇದನ್ನು ಮರೆಯಬೇಡಿ, ರನ್ನಿಂಗ್ ಬೋರ್ಡ್ ತೆಗೆದ ಗಾಡಿ ನಡು ಬಗ್ಗಿತು ಅಂದರೆ ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ. ಶನಿವಾರ ಜಗಳೂರಿನ ತಗಡು ಕೂರಿಸಿ ನಾಲ್ಕು ಬೆರಳಿಗೊಂದು ಚುಕ್ಕೆ ಬೆಸುಗೆ ಹಾಕಿ, ತಣಿಯಲು ಬಿಟ್ಟು, ಮತ್ತೆ ನಡುವೆ ನಡುವೆ ತುಂಬಿದೆ. ಪುಟ್ಟಿ ಒಂದು ಚಮಚವೂ ಮುಟ್ಟಲಿಲ್ಲ. ಬೆಸುಗೆಯ ಗೆರೆ ಎದ್ದು ಕಾಣುತ್ತಿತ್ತು, ಕಾಣಲಿ ಅಂದುಕೊಂಡೆ. ಭಾನುವಾರ ರೆಡ್ ಆಕ್ಸೈಡ್ ಒಣಗಿದ ಮೇಲೆ ಒಂದು ಬಿಂದಿಗೆ ನೀರನ್ನು ಒಳಗೆ ಸುರಿದೆ. ಮೂರು ತೂತಿನಿಂದ ಮೂರು ಧಾರೆ ಬಂದವು. ಎಣಿಸಿದೆ. ಸಾಯಂಕಾಲ ಗಾಡಿಯನ್ನು ನಾನೇ ನ್ಯಾಮತಿಗೆ ಓಡಿಸಿಕೊಂಡು ಹೋಗಿ ಅವರ ಮನೆಯಲ್ಲೇ ಉಳಿದೆ.

ಸೋಮವಾರ ಬೆಳಿಗ್ಗೆ ಗಿರಿಜಕ್ಕ ಬಂದು ಹಿಂದಿನ ಸೀಟಿನಲ್ಲಿ ಕೂತರು. ಮುಖ ಊದಿಕೊಂಡಿತ್ತು. ತಿಪ್ಪೇಶಪ್ಪ ಆಸ್ಪತ್ರೆಯ ಫೈಲು ಮರೆತು ಒಳಗೆ ಹೋದ.

"ಹಾಲೇಶಣ್ಣ, ಗಾಡಿಗೆ ಏನಾಗಿತ್ತು?"

"ತುಕ್ಕು, ಅಕ್ಕಾ."

"ಅದು ಗೊತ್ತು. ನೀರು ಎಲ್ಲಿತ್ತು?"

"ಯಾವ ನೀರು?"

"ನಾನು ಮಲಗ್ತೀನಲ್ಲ, ಕಿವಿ ಸೀಟಿಗೆ ಹತ್ತಿರ್ತೈತೆ. ತಿರುವು ಬಂದಾಗೆಲ್ಲಾ ಕೆಳಗೆ ಬಿಂದಿಗೆ ಕುಲುಕಿದಂಗೆ ಕೇಳ್ತಿತ್ತು. ಹೋದ ಮಳೆಗಾಲದಿಂದ ಕೇಳ್ತಾನೇ ಇದ್ದೆ."

"ತಿಪ್ಪೇಶಪ್ಪಗೆ ಹೇಳಬಾರದಿತ್ತಾ ಅಕ್ಕಾ?"

"ಹೇಳಿದ್ರೆ ಗಾಡಿ ನಿಲ್ಲಿಸ್ತಿದ್ರು. ಮತ್ತೆ ಬಸ್ಸು. ಅದಕ್ಕೇ ಕಣ್ಣು ಮುಚ್ಕೊಂಡು ನಿದ್ದೆ ಬಂದೋಳಂಗೆ ಇರ್ತಿದ್ದೆ. ಎಲ್ಲಿ ಮುರಿದು ಬೀಳ್ತೈತೋ ಅಂತ ಊರು ಬರೋ ತನಕ ಎಚ್ಚರನೇ."

ಕೊಟ್ಟ ಮಾತು ಮುರಿದೆ. ಬಿರಡೆ ತೆಗೆಯುವುದನ್ನು ಮರೆತದ್ದು ನಾನೇ ಅಂದೆ. ಗಿರಿಜಕ್ಕ ನನ್ನನ್ನೇ ನೋಡಿದರು.

"ಇವರಿಗೆ ಗೊತ್ತಾ?"

"ಗೊತ್ತು. ನಿಮಗೆ ಹೇಳಬ್ಯಾಡ ಅಂದಿದಾನೆ."

"ಹಂಗಾದ್ರೆ ನನಗೆ ಗೊತ್ತಿಲ್ಲ ಬಿಡು" ಅಂದರು. ತಿಪ್ಪೇಶಪ್ಪ ಫೈಲು ಹಿಡಿದು ಮೆಟ್ಟಿಲು ಇಳಿಯುತ್ತಿದ್ದ.

ಅಂದಿನಿಂದ ಶೆಡ್ ಬಿಡುವ ತನಕ ಯಾವ ಗಾಡಿಯನ್ನೂ ಕೊಡುವ ಮೊದಲು ನಾನು ಅದರ ಹಿಂದಿನ ಸೀಟಿನಲ್ಲಿ ಮಲಗಿ, ಬೇರೆಯವರ ಕೈಯಲ್ಲಿ ಓಡಿಸಿ, ಊರಿನ ಒಂದು ಸುತ್ತು ಕಿವಿಗೊಟ್ಟು ಬರುತ್ತಿದ್ದೆ. ಚನ್ನಗಿರಿಯಲ್ಲಿ ಜನ ನಕ್ಕರು, "ಹಾಲೇಶಣ್ಣಗೆ ಹುಷಾರಿಲ್ಲೇನೋ, ಮತ್ತೆ ಆಸ್ಪತ್ರೆಗೆ ಹೊಂಟ" ಅಂತ. ನಗಲಿ. ನೀವೂ ಮಲಗಿ ನೋಡಿ. ಸ್ಟೇರಿಂಗ್ ಹಿಡಿದವನಿಗೆ ಕೇಳಿಸದ್ದು ಅಲ್ಲಿ ಕೇಳಿಸುತ್ತದೆ.

ಆ ಸೋಮವಾರ ನಾನೂ ಅವರ ಜೊತೆಗೇ ಶಿವಮೊಗ್ಗಕ್ಕೆ ಹೋದೆ. ಬರುವಾಗ ದಾರಿಯಲ್ಲಿ ನನ್ನನ್ನು ಬಸ್ಸು ಸಿಗುವ ಕಡೆ ಇಳಿಸುವುದು ಅಂತಾಗಿತ್ತು. ಡಯಾಲಿಸಿಸ್ ಮುಗಿಸಿ ಗಿರಿಜಕ್ಕನನ್ನು ಹಿಡಿದು ತಂದು ಮಲಗಿಸಿದೆವು. ಊರು ಬಿಟ್ಟು ಮೊದಲ ತಿರುವು ಬಂತು. ಏನೂ ಸದ್ದಿಲ್ಲ. ಎರಡನೇ ತಿರುವು ಬಂತು. ತಿಪ್ಪೇಶಪ್ಪ ಕನ್ನಡಿಯಲ್ಲಿ ನೋಡಿ, "ಮಲಗಿದ್ಲು" ಅಂದ, ಯಾವಾಗಲೂ ಅನ್ನುವ ಹಾಗೆ. ನಾನು ತಿರುಗಿ ನೋಡಿದೆ. ಬಾಯಿ ಅರ್ಧ ತೆರೆದಿತ್ತು, ಸಣ್ಣಗೆ ಗೊರಕೆ ಬರುತ್ತಿತ್ತು. ಒಂದು ಕೈ ಸೀಟಿನಿಂದ ಜಾರಿ, ಕೆಳಗೆ, ಗಾಡಿ ಕುಲುಕಿದಂತೆಲ್ಲಾ ಅತ್ತಿತ್ತ ತೂಗುತ್ತಿತ್ತು. ಎಚ್ಚರ ಇರುವವರ ಕೈ ಹಾಗೆ ತೂಗುವುದಿಲ್ಲ.

ಬಸ್ ಸ್ಟಾಪ್ ಬಂದಾಗ ತಿಪ್ಪೇಶಪ್ಪ ಬ್ರೇಕ್ ಹಾಕಿದ. ಅಂಬಾಸಿಡರಿನ ಬಾಗಿಲು ಬಡಿಯದೆ ಹಾಕಿಕೊಳ್ಳುವುದಿಲ್ಲ. ಇಳಿದು, ಬಾಗಿಲನ್ನು ಬಡಿಯದೆ ಹಾಗೇ ಬಿಟ್ಟು, ಕೈ ಬೀಸಿ ಮುಂದೆ ಹೋಗು ಅಂದೆ, ಅವನಿಗೆ ಅರ್ಥವಾಯಿತು. ಒಳಗಿನಿಂದಲೇ ಒಂದು ಕೈ ಚಾಚಿ ಬಾಗಿಲನ್ನು ಹಿಡಿದುಕೊಂಡು ಹೊರಟ, ಹಾಕದೆಯೇ.